ಲೆಕ್ಕಕ್ಕಿಲ್ಲದ ತಪ್ಪಲು

ಕುಂದಗೋಳ ತಾಲ್ಲೂಕಿನ ನಮ್ಮ ಕಡೆಯ ಯಾವ ಹೆಂಗಸನ್ನಾದರೂ ನಿಲ್ಲಿಸಿ, ಮಧ್ಯಾಹ್ನ ಏನು ಉಂಡೆ ಎಂದು ಕೇಳಿ ನೋಡಿ. ಎರಡು ರೊಟ್ಟಿ, ಬದನೆಕಾಯಿ ಪಲ್ಯ, ಒಂದಿಷ್ಟು ಮೊಸರು ಎನ್ನುತ್ತಾಳೆ. ಆ ರೊಟ್ಟಿಯ ಜೊತೆ ಕಚ್ಚಿ ಕಚ್ಚಿ ಮುಗಿಸಿದ ಒಂದು ಹಿಡಿ ಹಕ್ಕರಕಿ ಸೊಪ್ಪು, ನಾಲ್ಕು ಕಡ್ಡಿ ಮೆಂತೆ, ಈರುಳ್ಳಿಯ ಹಸಿರು ಗರಿ, ಎಳೆ ಮೂಲಂಗಿಯ ಎಲೆ, ಇದ್ಯಾವುದನ್ನೂ ಹೇಳುವುದಿಲ್ಲ. ಅವಳು ಮುಚ್ಚಿಡುತ್ತಿದ್ದಾಳೆ ಎಂದುಕೊಳ್ಳಬೇಡಿ. ಹಸಿ ತಪ್ಪಲು, ಎಂದರೆ ಹಸಿ ಸೊಪ್ಪು, ನಮಗೆ ಊಟದ ಲೆಕ್ಕದಲ್ಲಿ ಬರುವುದೇ ಇಲ್ಲ. ಒಲೆಯ ಮೇಲೇರಿ ಇಳಿದದ್ದು ಮಾತ್ರ ಊಟ. ಹೊಲದ ಬದುವಿನಿಂದ ಕಿತ್ತು, ಸೆರಗಿಗೆ ಒರೆಸಿ, ಬಾಯಿಗಿಟ್ಟುಕೊಂಡದ್ದು ಕುಡಿದ ನೀರಿನ ಹಾಗೆ. ಕುಡಿದ ನೀರನ್ನು ಯಾರಾದರೂ ಹೇಳುತ್ತಾರೆಯೇ?

ನಾನೂ ಹೇಳಲಿಲ್ಲ. ಮೂರು ವರ್ಷ, ತಿಂಗಳಿಗೊಮ್ಮೆ, ಹುಬ್ಬಳ್ಳಿಯ ಡಾಕ್ಟರ ಎದುರಿಗೆ ಕುಳಿತೂ ಹೇಳಲಿಲ್ಲ. ಅದು ಹೇಳಬೇಕಾದ ವಿಷಯ ಎಂದು ಗೊತ್ತಾದ ಮೇಲೂ ಹೇಳಲಿಲ್ಲ. ಮೊದಲನೆಯ ಮೌನವನ್ನು ತಿಳಿಯದೆ ಆದದ್ದು ಎಂದು ನಾನೇ ಕ್ಷಮಿಸಿಕೊಂಡಿದ್ದೇನೆ. ಇದನ್ನು ಬರೆಯಲು ಕೂತದ್ದು ಎರಡನೆಯದಕ್ಕಾಗಿ.

ನನ್ನ ನೆಗೆಣ್ಣಿ, ಎಂದರೆ ನನ್ನ ಮೈದುನನ ಹೆಂಡತಿ, ಕಲಘಟಗಿ ಕಡೆಯವಳು. ಮಿಶ್ರಿಕೋಟಿಯಿಂದ ಕುಬಿಹಾಳದ ನಮ್ಮ ಮನೆಗೆ ಬಂದಾಗ ಅವಳಿಗೆ ಇಪ್ಪತ್ತು ವರ್ಷ. ಅನ್ನ ಉಂಡು ಬೆಳೆದವಳಿಗೆ ಎರಡು ಹೊತ್ತೂ ಜೋಳದ ರೊಟ್ಟಿ ಎಂದರೆ ಗಂಟಲಲ್ಲೇ ನಿಲ್ಲುತ್ತಿತ್ತು. ನಾನು ಅವಳಿಗಿಂತ ಹತ್ತು ವರ್ಷ ದೊಡ್ಡವಳು. ಅಡುಗೆಮನೆಯ ಯಜಮಾನಿಕೆ ಆಗಲೇ ನನ್ನ ಕೈಗೆ ಬಂದಿತ್ತು. ರೊಟ್ಟಿಯ ತುಣುಕಿನೊಳಗೆ ಹಕ್ಕರಕಿ ಎಲೆ ಮಡಚಿ, ಎಣ್ಣೆ ಬಿಟ್ಟ ಗುರೆಳ್ಳು ಚಟ್ನಿಪುಡಿಯಲ್ಲಿ ಅದ್ದಿ, "ಇದನ್ನ ಕಚ್ಕೊಂಡ ತಿನ್ನು, ರೊಟ್ಟಿ ತಾನಾ ಇಳೀತೈತಿ" ಎಂದು ಅವಳ ಬಾಯಿಗೆ ತುರುಕಿದವಳು ನಾನೇ. ಕಹಿಗೆ ಮುಖ ಹಿಂಡಿದಳು. ಬೈದೆ. ನುಂಗಿದಳು.

ನನ್ನ ಬಾಯಿ ಜೋರು. ಮನೆ ದೊಡ್ಡದು, ಹೊಲದ ಕೆಲಸ ಬಹಳ, ಜೋರಿಲ್ಲದೆ ಸಂಸಾರ ನಡೆಯುವುದಿಲ್ಲ ಎಂದು ನಾನು ನಂಬಿದ್ದೆ. ಎಲ್ಲರಿಗೂ ಅದು ರೂಢಿಯಾಗಿತ್ತು, ಅವಳಿಗೂ ರೂಢಿಯಾಯಿತು ಎಂದುಕೊಂಡಿದ್ದೆ.

ಆರು ತಿಂಗಳಲ್ಲಿ ತಪ್ಪಲು ತಿನ್ನುವುದರಲ್ಲಿ ಅವಳು ನನ್ನನ್ನೇ ಮೀರಿಸಿದಳು. ಕಳೆ ತೆಗೆಯಲು ಹೋದರೆ ಉಡಿ ತುಂಬ ಹಕ್ಕರಕಿ ತುಂಬಿಕೊಂಡು ಬರುತ್ತಿದ್ದಳು. ಚಳಿಗಾಲದಲ್ಲಿ ಕಡಲೆಯ ಕುಡಿ ಚಿವುಟುವಾಗ ಅರ್ಧ ಬುಟ್ಟಿಗೆ, ಅರ್ಧ ಬಾಯಿಗೆ. ಆ ಹುಳಿಗೆ ತುಟಿ ಒಡೆದು ಉರಿದರೂ ಬಿಡುತ್ತಿರಲಿಲ್ಲ. "ನಮ್ಮ ಎಮ್ಮಿಗಿಂತ ನೀನಾ ಚೊಲೊ ಮೇಯ್ತಿ ನೋಡು" ಎಂದು ನಾನು ಕಾಡುತ್ತಿದ್ದೆ. "ಹಾಲೂ ಕೊಡ್ತೀನೇನ ನೋಡ ಯಕ್ಕಾ" ಎಂದು ನಗುತ್ತಿದ್ದಳು. ಅವಳ ಮಾತು ಚುರುಕು, ನಗು ಅದಕ್ಕಿಂತ ಚುರುಕು.

ಚಿಕ್ಕವಳಿದ್ದಾಗ ಅವಳಿಗೆ ಗಂಟಲು ನೋವು, ಜ್ವರ, ಕೀಲುಗಳಲ್ಲಿ ಬಾವು ಬಂದು ಹೋಗಿದ್ದವಂತೆ. ಆ ಜ್ವರ ಹೋಗುವಾಗ ಎದೆಯ ಒಂದು ಕವಾಟವನ್ನು ಕೆಡಿಸಿ ಹೋಗಿತ್ತು. ಎರಡನೆಯ ಹೆರಿಗೆಯಾದ ಕೆಲವು ವರ್ಷಗಳಿಗೆ ಒಂದು ಕೊಡ ನೀರು ಹೊತ್ತು ತರುವಷ್ಟರಲ್ಲಿ ಏದುಸಿರು ಬಿಡತೊಡಗಿದಳು. ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಯಲ್ಲಿ ಎದೆ ಸೀಳಿ ಲೋಹದ ಕವಾಟ ಹಾಕಿದರು. ಮಧ್ಯಾಹ್ನ ಮನೆ ನಿಶ್ಶಬ್ದವಾಗಿರುವಾಗ ಪಕ್ಕದಲ್ಲಿ ಕೂತು ಹುಣಸೆಹಣ್ಣಿನ ಬೀಜ ತೆಗೆಯುತ್ತಿದ್ದರೆ ಅವಳ ಎದೆಯೊಳಗಿನಿಂದ ಗಡಿಯಾರದಂಥ ಸಣ್ಣ ಸದ್ದು ಕೇಳುತ್ತಿತ್ತು. ಅವಳಿಗೆ ಅದೂ ತಮಾಷೆ. ನನಗೆ ಮಾತ್ರ ಅದನ್ನು ಕೇಳುತ್ತ ಕೂರಲಾಗುತ್ತಿರಲಿಲ್ಲ. ಎದ್ದು ಹೋಗಿ ಏನಾದರೂ ಪಾತ್ರೆ ಸದ್ದು ಮಾಡುತ್ತಿದ್ದೆ.

ಲೋಹದ ಮೇಲೆ ರಕ್ತ ಗಡ್ಡೆ ಕಟ್ಟಬಾರದು. ಅದಕ್ಕಾಗಿ ದಿನವೂ ಸಂಜೆ ಮಾತ್ರೆ, ಬದುಕಿರುವ ತನಕ. ಮಾತ್ರೆಯ ಬಲ ಸಾಲದಿದ್ದರೆ ರಕ್ತ ಗಡ್ಡೆಯಾಗಿ ಕವಾಟ ಸಿಕ್ಕಿಕೊಳ್ಳುತ್ತದೆ. ಬಲ ಹೆಚ್ಚಾದರೆ ಗಾಯವಿಲ್ಲದೆಯೂ ರಕ್ತ ಸೋರುತ್ತದೆ. ಇವೆರಡರ ನಡುವೆ ಕಾಲಿಡಲು ಇರುವುದು ಹೊಲದ ಬದುವಿನಷ್ಟು ಜಾಗ. ತಿಂಗಳಿಗೊಮ್ಮೆ ರಕ್ತ ಪರೀಕ್ಷೆ ಮಾಡಿಸಿದರೆ ಮಾತ್ರೆಯ ಬಲ ತೋರಿಸುವ ಒಂದು ನಂಬರು ಬರುತ್ತದೆ. ಅವಳ ನಂಬರು ಎರಡೂವರೆಯಿಂದ ಮೂರೂವರೆಯ ಒಳಗಿರಬೇಕು ಎಂದು ಡಾಕ್ಟರು ಫೈಲಿನ ಮೇಲೆ ಕೆಂಪು ಶಾಯಿಯಲ್ಲಿ ಬರೆದಿದ್ದರು. ಮನೆಯಲ್ಲಿ ಬಿ.ಎ. ಓದಿದವಳು ನಾನೊಬ್ಬಳೇ. ಹೀಗಾಗಿ ಫೈಲು ನನ್ನ ಕೈಗೆ ಬಂತು, ಮಾತ್ರೆಯೂ ನನ್ನ ಕೈಗೆ ಬಂತು.

ನಂಬರು ಯಾವಾಗಲೂ ಕಡಿಮೆ. ಚಳಿಗಾಲದಲ್ಲಂತೂ ಎರಡರ ಗಡಿಯನ್ನೂ ದಾಟುತ್ತಿರಲಿಲ್ಲ. ಡಾಕ್ಟರು ಕನ್ನಡಕದ ಮೇಲಿಂದ ನೋಡುತ್ತಿದ್ದರು.

"ಮಾತ್ರಿ ತಪ್ಪಸ್ತೀರೇನ್ರಿ?"

"ಇಲ್ರಿ" ಎನ್ನುತ್ತಿದ್ದೆ ನಾನು. ಅದು ನಿಜ. ನಾನೇ ಅಂಗೈಯಲ್ಲಿಟ್ಟು, ನುಂಗುವ ತನಕ ನಿಂತು ನೋಡುತ್ತಿದ್ದೆ.

"ಸೊಪ್ಪು ಭಾಳ ತಿಂತೀರೇನು?"

"ಇಲ್ರಿ ಸರ, ವಾರದಾಗ ಒಮ್ಮೆ ಪಲ್ಯಾ ಮಾಡ್ತೀವಿ" ಎನ್ನುತ್ತಿದ್ದಳು ಅವಳು. ನಾನು ಪಕ್ಕದಲ್ಲಿ ಕೂತು ತಲೆಯಾಡಿಸುತ್ತಿದ್ದೆ. ಅದೂ ನಿಜವೇ ಎಂದು ನಮ್ಮಿಬ್ಬರ ನಂಬಿಕೆ. ಅಂದು ಬೆಳಿಗ್ಗೆ ಬಸ್ಸು ಹತ್ತುವ ಮೊದಲು ಅವಳು ರೊಟ್ಟಿಯ ಜೊತೆ ಒಂದು ಕಟ್ಟು ಮೆಂತೆ ಖಾಲಿ ಮಾಡಿರುತ್ತಿದ್ದಳು. ಡಾಕ್ಟರು ಅರ್ಧ ಮಾತ್ರೆ ಏರಿಸುತ್ತಿದ್ದರು. ಮುಂದಿನ ಸಲ ಮತ್ತೆ ಅರ್ಧ. ಹಾಗೆ ಏರಿ ಏರಿ ಮೂರನೆಯ ವರ್ಷಕ್ಕೆ ನಂಬರು ಒಂದು ಹದಕ್ಕೆ ಬಂದು ನಿಂತಿತು. "ಇವರ ಮೈಗೆ ಇಷ್ಟ ಬೇಕಾಗ್ತದ ನೋಡ್ರಿ, ಒಬ್ಬೊಬ್ಬರದು ಒಂದೊಂದ ಥರಾ" ಎಂದರು. ಅವಳ ಮೈಯೇ ಹಟಮಾರಿ ಎಂದು ನಾವೂ ನಕ್ಕೆವು.

ಹೋದ ವರ್ಷದ ಚಳಿಗಾಲದಲ್ಲಿ ಪರೀಕ್ಷೆ ಮುಗಿಸಿ, ಡಾಕ್ಟರನ್ನೂ ಕಂಡು, ಅವಳು ಔಷಧಿ ತರಲು ಹೋದಾಗ ನಾನು ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದೆ. ಪಕ್ಕದಲ್ಲಿ ನವಲಗುಂದ ಕಡೆಯ ಹೆಂಗಸೊಬ್ಬಳಿದ್ದಳು. ಅವಳ ಗಂಡನಿಗೂ ಇದೇ ಮಾತ್ರೆ. ಅದೂ ಇದೂ ಮಾತಾಡುತ್ತ ಅವಳು ಹೇಳಿದಳು:

"ನಮ್ಮ ಮನ್ಯಾಗ ಹಸರ ಎಲಿ ಅನ್ನೂದ ಬಂದ್ ಮಾಡೀವ್ರಿ. ಈ ಮಾತ್ರಿಗೂ ಎಲಿಗೂ ಅಗದಿ ವೈರ ಅಂತ. ಹಕ್ಕರಕಿ, ಮೆಂತೆ, ಎಲ್ಲಾ. ಎಲಿ ತಿಂದ್ರ ಮಾತ್ರಿ ತಿಂದದ್ದ ಸುಳ್ಳಾಗ್ತೈತಂತ."

ಹಕ್ಕರಕಿ ಎಂಬ ಹೆಸರು ಕೇಳಿದ ಕೂಡಲೇ ತೊಡೆಯ ಮೇಲಿದ್ದ ಫೈಲು ತೆರೆದೆ. ಮೂರು ವರ್ಷದ ಕಡಿಮೆ ನಂಬರುಗಳೆಲ್ಲ ಒಮ್ಮೆಲೇ ಅರ್ಥವಾದವು. ಎದ್ದು ಹತ್ತು ಹೆಜ್ಜೆ ನಡೆದರೆ ಡಾಕ್ಟರ ಕೋಣೆ. ಬಾಗಿಲ ತನಕ ಹೋದೆ ಕೂಡ. ಒಳಗೆ ಹೋಗಿ ಏನೆಂದು ಹೇಳಲಿ? ಬಿ.ಎ. ಓದಿದವಳು, ಫೈಲು ಹಿಡಿದವಳು, ಮೂರು ವರ್ಷ ತಲೆಯಾಡಿಸಿದವಳು. ನಾಚಿಕೆಯಾಯಿತು. ನಾಚಿಕೆ ಸಿಟ್ಟಾಗಲು ನನ್ನಲ್ಲಿ ಹೆಚ್ಚು ಹೊತ್ತು ಬೇಕಿಲ್ಲ. ಮುಂದಿನ ತಿಂಗಳು ಬರುವಷ್ಟರಲ್ಲಿ ಎಲ್ಲ ಸರಿ ಮಾಡಿಕೊಂಡೇ ಬರುತ್ತೇನೆ, ಯಾರಿಗೂ ಹೇಳುವುದೇ ಬೇಡ ಎಂದು ತಿರುಗಿ ಬಂದೆ. ಆ ದಿನ ಅವಳ ನಂಬರು ಸರಿಯಾಗಿಯೇ ಇತ್ತು. ಸರಿ ಇದ್ದದ್ದನ್ನು ಸರಿ ಮಾಡಲು ಹೊರಟಿದ್ದೇನೆ ಎಂದು ನನಗೆ ಹೊಳೆಯಲಿಲ್ಲ.

ಮನೆಗೆ ಬಂದವಳೇ ಅಡುಗೆಮನೆಯ ಮೂಲೆಯಲ್ಲಿ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟಿದ್ದ ತಪ್ಪಲನ್ನೆಲ್ಲ ಎತ್ತಿ ಎಮ್ಮೆಯ ಮುಂದೆ ಸುರಿದೆ. ಮೈದುನ ಹೊಲದಿಂದ ತಂದಿದ್ದ ಕಡಲೆ ಕುಡಿಯ ಬುಟ್ಟಿಯನ್ನೂ ಮಗುಚಿದೆ.

"ಇವತ್ತಿನಿಂದ ಈ ಮನ್ಯಾಗ ಹಸಿ ಎಲಿ ಬರಬಾರದು. ಒಬ್ರೂ ತಿನ್ನಬಾರದು. ನೀವು ತಿಂದ್ರ ಆಕಿಗೂ ಆಸೆ ಆಗ್ತೈತಿ."

"ಎರಡ ಎಲಿ ತಿಂದ್ರ ಏನಾಗ್ತೈತಿ ಯಕ್ಕಾ?" ಎಂದಳು ನೆಗೆಣ್ಣಿ. "ರೊಟ್ಟಿ ಇಳಿಯಂಗಿಲ್ಲ."

"ಇಳೀದಿದ್ರ ನೀರ ಕುಡಿ. ಸಾಯೂ ಆಸೆ ಐತೇನ ನಿನಗ?"

ಕಟ್ಟೆಯ ಮೇಲೆ ಕೂತಿದ್ದ ಅತ್ತೆ, "ದಿನಾ ತಿನ್ನೂದನ್ನ ಒಮ್ಮಿಗೇ ಬಿಡಸಬ್ಯಾಡವಾ, ಮೈ ಕಾಯ್ತೈತಿ" ಎಂದರು.

"ನಿಮಗೇನ ತಿಳೀತೈತಿ, ಸುಮ್ಮಕಿರ್ರಿ" ಎಂದೆ. ಅವರು ಸುಮ್ಮನಾದರು. ನಮ್ಮ ಮನೆಯಲ್ಲಿ ನಾನು ಸುಮ್ಮನಿರು ಎಂದರೆ ಎಲ್ಲರೂ ಸುಮ್ಮನಾಗುತ್ತಿದ್ದರು.

ಮೂರು ನಾಲ್ಕು ದಿನ ಅವಳ ತಟ್ಟೆಯ ಎದುರಿಗೇ ಕೂತು ಕಾವಲು ಕಾದೆ. ಐದನೆಯ ದಿನ ಹೊಲದಿಂದ ಬಂದವಳ ಮೈಯಿಂದ ಕಡಲೆಯ ಹುಳಿ ವಾಸನೆ ಬಂತು. ಅಂಗಳದಲ್ಲೇ ನಿಲ್ಲಿಸಿದೆ. "ಬಾಯಿ ತೆಗಿ, ನಾಲಿಗಿ ತೋರಸು" ಎಂದೆ. ಮೂವತ್ತೈದು ವರ್ಷದ ಹೆಂಗಸು, ಎರಡು ಮಕ್ಕಳ ತಾಯಿ, ಬಾಯಿ ತೆರೆದು ತೋರಿಸಿದಳು. ಹಲ್ಲಿನ ಸಂದಿಯಲ್ಲಿ ಹಸಿರಿತ್ತು. ಅಕ್ಕಪಕ್ಕದ ಮನೆಯವರು ಹೊರಗೆ ಬಂದು ನೋಡುವ ಹಾಗೆ ಬೈದೆ. ನಿನ್ನ ಸಲುವಾಗಿ ನಾನು ಬಸ್ಸಿನಲ್ಲಿ ಸಾಯಬೇಕೇನು, ನಿನ್ನ ಮಕ್ಕಳನ್ನು ಯಾರು ಸಾಕಬೇಕು, ಇನ್ನೂ ಏನೇನೋ. ಅವಳು ಸೆರಗಿನಿಂದ ಬಾಯಿ ಒರೆಸಿಕೊಂಡು ಒಳಗೆ ಹೋದಳು. ಅದಾದ ಮೇಲೆ ಅವಳು ಎಲೆ ಮುಟ್ಟಲಿಲ್ಲ. ನಾನು ಗೆದ್ದೆ ಎಂದುಕೊಂಡೆ.

ಮರುವಾರ ಮನೆಮಂದಿಗೆಲ್ಲ ಕೆಮ್ಮು, ಜ್ವರ ಸುತ್ತಿತು. ಅವಳಿಗೆ ಸ್ವಲ್ಪ ಹೆಚ್ಚು. ಕುಂದಗೋಳದ ಒಂದು ಔಷಧಿ ಅಂಗಡಿಯಲ್ಲಿ ಹೇಳಿ ಏಳು ದಿನದ ಕ್ಯಾಪ್ಸೂಲು ತಂದೆ. ಕೆಮ್ಮು ನಿಂತಿತು. ಸಂಜೆಯ ಮಾತ್ರೆ ಮಾತ್ರ ಡಾಕ್ಟರು ಏರಿಸಿದ್ದ ಅಳತೆಯಲ್ಲೇ, ಒಂದು ದಿನವೂ ತಪ್ಪಿಸದೆ ಕೊಡುತ್ತಿದ್ದೆ.

ಮೊದಲು ಕಂಡದ್ದು ಬಚ್ಚಲಿನಲ್ಲಿ. ಅವಳು ಹಲ್ಲುಜ್ಜಿ ಉಗುಳಿದ ಜಾಗ ತಿಳಿ ಕೆಂಪಾಗಿತ್ತು. ಆಮೇಲೆ ಬಳೆ ಒತ್ತುವಲ್ಲಿ ನೀಲಿ ಗೆರೆ. ಹೊಸ್ತಿಲು ತಾಗಿದ ಮೊಣಕಾಲಿನ ಮೇಲೆ ಬೊಗಸೆಯಗಲ ಕಪ್ಪು. "ಉಷ್ಣ ಆಗೈತಿ" ಎಂದೆ ನಾನು. ಮಜ್ಜಿಗೆ ಕೊಟ್ಟೆ, ಕಾಮಕಸ್ತೂರಿ ಬೀಜ ನೆನೆಸಿದ ನೀರು ಕೊಟ್ಟೆ, ನೆತ್ತಿಗೆ ಹರಳೆಣ್ಣೆ ಒತ್ತಿದೆ. ಅತ್ತೆ ನನ್ನ ಮುಖ ನೋಡದೆ, ಕಂಬಕ್ಕೆ ಹೇಳುವವರ ಹಾಗೆ, "ಆಕಿಗೆ ಒಂದೀಟ ಎಲಿ ಕೊಡು" ಎಂದರು. ನಾನು ಇನ್ನೊಂದು ಲೋಟ ಮಜ್ಜಿಗೆ ಬೆರೆಸಿದೆ.

ಒಂದು ಬೆಳಿಗ್ಗೆ ಅವಳು ರೊಟ್ಟಿ ಬಡಿಯುತ್ತಿದ್ದಳು. ನಾನು ಒಲೆಯ ಮುಂದಿದ್ದೆ. ರೊಟ್ಟಿ ಬಡಿಯುವ ಸಪ್ಪಳಕ್ಕೆ ನಮ್ಮ ಮನೆಯಲ್ಲಿ ಒಂದು ಲಯವಿತ್ತು, ಅಂದು ಅದು ನಡುನಡುವೆ ನಿಲ್ಲುತ್ತಿತ್ತು. ತಿರುಗಿ ನೋಡಿದರೆ ಅವಳು ಬಲಗೈಯನ್ನು ಊದಿಕೊಳ್ಳುತ್ತಿದ್ದಳು. ಹಿಡಿದು ನೋಡಿದೆ. ಹಿಟ್ಟು ಒರೆಸಿದ ಕೂಡಲೇ ಕೆಳಗಿನ ಬಣ್ಣ ಕಂಡಿತು. ಅಂಗೈ ಇಡೀ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತು. ರೊಟ್ಟಿಯ ಹಿಟ್ಟಿಗೆ ಬಡಿದ ಪೆಟ್ಟಿಗೇ ಚರ್ಮದ ಕೆಳಗೆ ರಕ್ತ ಒಡೆದಿತ್ತು.

ಅಂದು ನಾನು ಫೈಲು ತೆಗೆದು ನೋಡಿದೆ. ಕೆಂಪು ಶಾಯಿಯ ಕೆಳಗೆ ಡಾಕ್ಟರ ಅಕ್ಷರದಲ್ಲೇ ಇತ್ತು: ಒಸಡಿನಲ್ಲಿ ರಕ್ತ, ಮೈಮೇಲೆ ನೀಲಿ ಕಲೆ ಕಂಡರೆ ಕೂಡಲೇ ಬರಬೇಕು. ಓದಿದೆ, ಅರ್ಥವೂ ಆಯಿತು. ಮುಂದಿನ ಪರೀಕ್ಷೆಗೆ ಎಂಟು ದಿನವಿತ್ತು. ಈಗ ಹೋದರೆ ಏನು ಮಾಡಿದಿರಿ ಎಂದು ಕೇಳುತ್ತಾರೆ. ಎಂಟು ದಿನ ತಾನೆ ಎಂದು ಫೈಲು ಮುಚ್ಚಿ ಟ್ರಂಕಿನಲ್ಲಿಟ್ಟೆ. ಆ ಟ್ರಂಕಿನ ಮುಚ್ಚಳ ಮುಚ್ಚಿದ ನನ್ನ ಕೈಯನ್ನು ನಾನು ಈಗಲೂ ದ್ವೇಷಿಸುತ್ತೇನೆ.

ಮೂರನೆಯ ದಿನ ಬೆಳಿಗ್ಗೆ ಎದ್ದವಳೇ ತಲೆ ಒಡೆಯುತ್ತಿದೆ ಎಂದಳು. ಸಾರಿಗೆ ಎರಡು ಸಲ ಉಪ್ಪು ಹಾಕಿದಳು. ಅವಳನ್ನು ಕರೆದುಕೊಂಡು ಕುಂದಗೋಳಕ್ಕೆ ಹೋದೆ. ಅಲ್ಲಿಯ ಡಾಕ್ಟರು ಕಣ್ಣಿನ ರೆಪ್ಪೆ ಎತ್ತಿ ನೋಡಿದರು, ಅಂಗೈ ನೋಡಿದರು, ಅವರ ಮುಖ ಬದಲಾಯಿತು.

"ರಕ್ತದ ಮಾತ್ರಿ ತಗೋತೀರಲ್ಲಾ? ಇತ್ತೀಚಿಗೆ ಬ್ಯಾರೆ ಔಷಧ ಏನರ ತಗೊಂಡೀರಿ?"

"ಕೆಮ್ಮಿಗೆ ಒಂದ ವಾರ ಕ್ಯಾಪ್ಸೂಲ್ ತಗೊಂಡಾಳ್ರಿ" ಎಂದೆ ನಾನು, ಬೇಗ ಬೇಗ. ಅದು ಅಂಗಡಿಯವನು ಕೊಟ್ಟದ್ದು, ಹೇಳಲು ನನಗೆ ಕಷ್ಟವಿರಲಿಲ್ಲ.

"ಊಟದಾಗ ಏನರ ಬದಲ ಮಾಡೀರೇನ್ರಿ? ಏನರ ಬಿಟ್ಟೀರಿ, ಹೊಸಾದ ಏನರ ಸುರು ಮಾಡೀರಿ?"

ಕೇಳಿದ್ದು ಅವಳನ್ನು. ಅವಳು ನನ್ನ ಮುಖ ನೋಡಿದಳು. ನಾನು ಗೋಡೆಯ ಮೇಲಿನ ಕ್ಯಾಲೆಂಡರ್ ನೋಡತೊಡಗಿದೆ. ಅದರಲ್ಲಿ ಯಾವ ತಿಂಗಳಿತ್ತೋ ನೆನಪಿಲ್ಲ, ಅದನ್ನು ನೋಡುತ್ತಲೇ ಇದ್ದದ್ದು ನೆನಪಿದೆ.

"ಇಲ್ರಿ" ಎಂದಳು ಅವಳು.

ನಾನು ಬಾಯಿ ಬಿಡಲಿಲ್ಲ. ಊರಿಗೆಲ್ಲ ಕೇಳುವ ಬಾಯಿ ಅದು. ಅಂದು, ಆ ಒಂದು ಕೋಣೆಯಲ್ಲಿ, ತೆರೆಯಲಿಲ್ಲ.

ಡಾಕ್ಟರು ಸಂಜೆಯ ಮಾತ್ರೆ ನಿಲ್ಲಿಸಲು ಹೇಳಿ, "ಇವತ್ತಾ ಹುಬ್ಬಳ್ಳಿಗೆ ಹೋಗಿ ರಕ್ತ ತೋರಸ್ರಿ, ತಡಾ ಮಾಡಬ್ಯಾಡ್ರಿ" ಎಂದು ಚೀಟಿ ಬರೆದರು. ಎಲೆಯ ಮಾತು ಹೇಳಿದ್ದರೆ ಅಲ್ಲಿಂದಲೇ ಗಾಡಿ ಹತ್ತಿಸುತ್ತಿದ್ದರೇನೋ. ನಾವು ಮನೆಗೆ ಬಂದೆವು, ಮೈದುನ ಹೊಲದಿಂದ ಬರಲಿ ಎಂದು ಕಾದೆವು. ಅವಳು ಸೀರೆ ಬದಲಿಸಿ, ಕನ್ನಡಿಯ ಮುಂದೆ ಕೂತು ತಲೆ ಬಾಚಿಕೊಳ್ಳುತ್ತಿದ್ದಳು. ಬಾಚಣಿಗೆ ಕೈಯಿಂದ ಜಾರಿತು. ಎತ್ತಿಕೊಳ್ಳಲು ಹೋದ ಕೈ ಬಾಚಣಿಗೆಯ ಹತ್ತಿರ ಹೋಗಲೇ ಇಲ್ಲ. "ಏನಾತ ಬೇ?" ಎಂದೆ. ತಿರುಗಿ ನನಗೆ ಏನೋ ಹೇಳಿದಳು. ಅದು ಮಾತಿನ ಹಾಗಿತ್ತು, ಆದರೆ ಅದರಲ್ಲಿ ಒಂದು ಶಬ್ದವೂ ಇರಲಿಲ್ಲ.

ಹುಬ್ಬಳ್ಳಿಯಲ್ಲಿ ರಕ್ತದ ನಂಬರು ಯಂತ್ರ ತೋರಿಸಬಲ್ಲ ಮಿತಿಯನ್ನೇ ದಾಟಿತ್ತು. ಮಿದುಳಿನ ಎಡಭಾಗದಲ್ಲಿ ರಕ್ತ ಸೋರಿದೆ ಎಂದರು. ಸೋರುವುದನ್ನು ನಿಲ್ಲಿಸಲು ರಕ್ತ ಹೆಪ್ಪುಗಟ್ಟಿಸಬೇಕು, ಹೆಚ್ಚು ಹೆಪ್ಪುಗಟ್ಟಿಸಿದರೆ ಎದೆಯ ಕವಾಟ ಕಟ್ಟಿಕೊಳ್ಳುತ್ತದೆ. ಆ ಹೊತ್ತು ಡಾಕ್ಟರು ನನ್ನನ್ನು ಹೊರಗೆ ಕರೆದು ಅದೇ ಪ್ರಶ್ನೆ ಕೇಳಿದರು. ಆಗ ಹೇಳಿದೆ. ಹಕ್ಕರಕಿಯಿಂದ ಹಿಡಿದು ಅಂಗಳದ ತನಕ ಎಲ್ಲ ಹೇಳಿದೆ. ಅವರು ಬೈಯುತ್ತಾರೆ ಎಂದು ಕಾದೆ, ಬೈದರೆ ಸಾಕಿತ್ತು. ಅವರು ಗೋಡೆಗೆ ಒರಗಿ ನಿಂತು ಮೆಲ್ಲಗೆ ವಿವರಿಸಿದರು.

"ಹಸರ ಎಲಿಯೊಳಗ ಒಂದ ಸತ್ವ ಇರ್ತದ್ರಿ. ಕರುಳು ಅದನ್ನ ಹೀರಿ ಲಿವರಿಗೆ ಮುಟ್ಟಸ್ತದ. ರಕ್ತ ಹೆಪ್ಪುಗಟ್ಟೂ ಸಾಮಾನನ್ನ ಲಿವರು ಅದರ ಬಲದಿಂದನ ತಯಾರ ಮಾಡೂದು. ನಾ ಕೊಡೂ ಮಾತ್ರಿ ಆ ಕೆಲಸಕ್ಕ ಅಡ್ಡ ನಿಲ್ತದ. ಎಲಿ ಹಗ್ಗಾನ ಒಂದ ಕಡೆ ಜಗ್ಗತದ, ಮಾತ್ರಿ ಇನ್ನೊಂದ ಕಡೆ. ಆಕಿ ದಿನಾ ಅಷ್ಟ ಎಲಿ ತಿಂತಿದ್ದದ್ದಕ್ಕನ ನಾ ಅಷ್ಟ ಮಾತ್ರಿ ಏರಸ್ಕೋತ ಬಂದಿದ್ದು. ನೀವು ಹಗ್ಗದ ಆ ಕಡೆ ಮಂದೀನ ಒಮ್ಮಿಗೇ ಬಿಡಿಸಿ ಕಳಿಸಿದ್ರಿ."

"ತಿನ್ನಬಾರದಿತ್ತಲ್ರಿ ಆದ್ರೂ?" ಎಂದೆ. ಇನ್ನೂ ಎಲ್ಲಾದರೂ ಒಂದು ತುಣುಕು ನನ್ನದೂ ಸರಿ ಇರಲಿ ಎಂಬ ಆಸೆ.

"ತಿನ್ನಬಹುದಿತ್ತು. ದಿನಾ ಒಂದಾ ಅಳತೀಲೆ ತಿಂದ್ರ ನಾ ಅದಕ್ಕ ತಕ್ಕ ಮಾತ್ರಿ ಕೊಡ್ತೀನಿ. ಬಿಡೂದಿದ್ರ ನನಗ ಹೇಳಿ ಬಿಡಬೇಕಿತ್ತು." ಮತ್ತೆ ಹೇಳಿದರು: "ಎಲಿ ಬಿಟ್ರೂ ಇನ್ನೊಂದಿ‌ಷ್ಟು ಆಸರ ಇರ್ತಿತ್ತೇನೋ. ಕರುಳಾಗ ಕಣ್ಣಿಗೆ ಕಾಣದ ಜೀವ ಅದಾವ, ಲೆಕ್ಕ ಇಲ್ಲದಷ್ಟು. ನಾವು ಉಂಡದ್ದನ್ನ ಅವು ತಾವೂ ಉಂಡು, ಆ ಸತ್ವದ್ದಾ ಇನ್ನೊಂದ ರೂಪ ತಯಾರ ಮಾಡ್ತಾವ. ಆ ಕ್ಯಾಪ್ಸೂಲು ಕೆಮ್ಮಿನ ಜೋಡಿ ಅವನ್ನೂ ಕೊಂದಿರಬೇಕು."

ನಾನು ದಿನವೂ ಹಾಲಿಗೆ ಹೆಪ್ಪು ಹಾಕುವವಳು. ಸುಡುವ ಹಾಲಿಗೆ ಹೆಪ್ಪು ಬಿಟ್ಟರೆ ಅದು ಸಾಯುತ್ತದೆ, ಬೆಳಿಗ್ಗೆ ಮೊಸರಿರುವುದಿಲ್ಲ, ಇದು ನನಗೆ ಗೊತ್ತು. ಮನುಷ್ಯರ ಹೊಟ್ಟೆಯೊಳಗೂ ಅಂಥದೊಂದು ಹೆಪ್ಪು ಇರುತ್ತದೆ, ನಾವು ಜಗಿದು ಮರೆತ ಎಲೆಯನ್ನು ಅದು ಮರೆಯದೆ ಬಿಡಿಸಿ, ಒಡೆದು, ಬೇರೆಯದನ್ನಾಗಿ ಮಾಡುತ್ತಿರುತ್ತದೆ ಎಂದು ಯಾರಿಗೆ ಗೊತ್ತಿತ್ತು? ನಾನು ಊಟಕ್ಕೆ ಬಡಿಸುತ್ತಿದ್ದದ್ದು ಅವಳೊಬ್ಬಳಿಗೇ ಎಂದುಕೊಂಡಿದ್ದೆ. ಅವಳೊಳಗೆ ಅಷ್ಟು ಜೀವಗಳು ತಟ್ಟೆಗಾಗಿ ಕಾದು ಕೂತಿದ್ದವು, ಅವುಗಳನ್ನು ಉಪವಾಸ ಕೆಡವಿ, ಮೇಲೆ ಔಷಧಿ ಹಾಕಿ ಕೊಂದೆ. ಆ ದಿನದಿಂದ ಯಾರಾದರೂ ಉಣ್ಣುವುದನ್ನು ನೋಡಿದರೆ ನನಗೆ ಒಂದು ಭಯ. ತುತ್ತು ಗಂಟಲಿನಿಂದ ಇಳಿದ ಮೇಲೆ ಎಲ್ಲಿಗೆ ಹೋಗುತ್ತದೆ, ಯಾರ ಕೈಗೆ ಸಿಗುತ್ತದೆ, ಏನಾಗಿ ಹೊರಬರುತ್ತದೆ ಎಂದು ಯೋಚನೆ ಹತ್ತುತ್ತದೆ. ಮಕ್ಕಳು ಪೇರಲೆ ಹಣ್ಣು ತಿನ್ನುತ್ತಿದ್ದರೂ ನಿಂತು ನೋಡುತ್ತೇನೆ.

ಅವಳಿಗೆ ಕೊಟ್ಟ ಮೊದಲ ಇಂಜೆಕ್ಷನ್ ಯಾವುದು ಎಂದು ನರ್ಸನ್ನು ಕೇಳಿದೆ. ಎಲೆಯಲ್ಲಿರುವ ಅದೇ ಸತ್ವ, ಸೂಜಿಯಲ್ಲಿ ತುಂಬಿದ್ದು ಎಂದಳು. ನಾನು ಎಮ್ಮೆಯ ಮುಂದೆ ಸುರಿದದ್ದನ್ನು ಅವರು ಹನಿ ಹನಿಯಾಗಿ ಅವಳ ರಕ್ತನಾಳಕ್ಕೆ ಬಿಡುತ್ತಿದ್ದರು.

ಅವಳು ಬದುಕಿದಳು. ಬಲಗೈ ಹೆಗಲಿನಿಂದ ಇಳಿಬಿದ್ದಿತು, ಬಲಗಾಲು ಎಳೆಯುತ್ತದೆ. ಮಾತು ಹೋಯಿತು. ಕೇಳಿದ್ದೆಲ್ಲ ತಿಳಿಯುತ್ತದೆ, ಹೇಳಬೇಕಾದದ್ದು ಒಳಗಿದೆ, ಶಬ್ದ ಮಾತ್ರ ಸಿಗುವುದಿಲ್ಲ. ಒಂದು ಶಬ್ದ ಹುಡುಕುವಾಗ ಅವಳ ಹಣೆಯ ಮೇಲೆ ಬೆವರು ಮೂಡುತ್ತದೆ.

ಈಗ ನಾನು ದಿನವೂ ಮಧ್ಯಾಹ್ನ ಒಂದೇ ಬಟ್ಟಲಿನಲ್ಲಿ ಒಂದೇ ಅಳತೆಯ ತಪ್ಪಲು ಹೆಚ್ಚಿ ಅವಳಿಗೆ ತಿನ್ನಿಸುತ್ತೇನೆ. ಮಾತ್ರೆ ಕಡಿಮೆಯಾಗಿದೆ, ನಂಬರು ಸರಿ ಇದೆ. ಸ್ನಾನ ಮಾಡಿಸುತ್ತೇನೆ, ತಲೆ ಬಾಚುತ್ತೇನೆ. ಊರಿನವರು ನೋಡಲು ಬಂದರೆ, "ಒಡಹುಟ್ಟಿದಾಕಿನೂ ಹಿಂಗ ಮಾಡೂದಿಲ್ಲ ನೋಡ್ರಿ" ಎನ್ನುತ್ತಾರೆ. ಮೈದುನ ಎಲ್ಲರೆದುರು ನನ್ನ ಕಾಲು ಮುಟ್ಟಿ ನಮಸ್ಕಾರ ಮಾಡಿದ. ಕೆಮ್ಮಿನ ಕ್ಯಾಪ್ಸೂಲಿನಿಂದ ಹೀಗಾಯಿತು ಎಂದು ಮನೆಯಲ್ಲಿ ಎಲ್ಲರ ನಂಬಿಕೆ. ಕಾರಣ ಪೂರ್ತಿ ಗೊತ್ತಿದ್ದವರು ಹುಬ್ಬಳ್ಳಿಯ ಡಾಕ್ಟರು ಮತ್ತು ನಾನು. ಅತ್ತೆಗೂ ಗೊತ್ತಿರಬೇಕು, ಆದರೆ ಅವರು ಆ ಮಾತನ್ನು ಎತ್ತಿಲ್ಲ.

ಇಷ್ಟೆಲ್ಲದರ ನಡುವೆ ನಾನು ಒಂದೇ ಒಂದು ಸಮಾಧಾನ ಹಿಡಿದು ಬದುಕಿದ್ದೆ. ಕುಂದಗೋಳದ ಆ ಕೋಣೆಯಲ್ಲಿ ಅವಳು ನನ್ನ ಮುಖ ನೋಡಿ "ಇಲ್ರಿ" ಎಂದದ್ದು ನನ್ನ ಮಾನ ಉಳಿಸಲಿಕ್ಕೆ. ಡಾಕ್ಟರ ಮುಂದೆ ಅಕ್ಕನಿಗೆ ಬೈಗುಳ ಬೀಳಬಾರದು ಎಂದು. ನಾನು ಎಷ್ಟು ಬೈದರೂ ಒಳಗೊಳಗೆ ಅವಳಿಗೆ ನನ್ನ ಮೇಲೆ ಅಷ್ಟು ಜೀವ. ಇದನ್ನು ಮನಸ್ಸಿನಲ್ಲೇ ಎಷ್ಟು ಸಲ ಹೇಳಿಕೊಂಡಿದ್ದೇನೋ. ರಾತ್ರಿ ನಿದ್ದೆ ಬರುತ್ತಿದ್ದದ್ದೇ ಇದರಿಂದ.

ಈಚೆಗೆ ಅವಳಿಗೆ ಒಂದೊಂದು ಶಬ್ದ ಮರಳುತ್ತಿದೆ. ಮಕ್ಕಳ ಹೆಸರು, ನೀರು, ಸಾಕು. ಹೋದ ವಾರ ಮಧ್ಯಾಹ್ನ ಮನೆಯಲ್ಲಿ ನಾವಿಬ್ಬರೇ ಇದ್ದೆವು. ಅವಳ ಬಾಯಿ ಒರೆಸುತ್ತಿದ್ದೆ. ಇನ್ನು ತಡೆಯಲಾಗಲಿಲ್ಲ. ಅವಳ ಮುಂದೆ ಕೂತು ಎಲ್ಲ ಹೇಳಿದೆ. ಆಸ್ಪತ್ರೆಯ ಬೆಂಚು, ಡಾಕ್ಟರ ಬಾಗಿಲ ತನಕ ಹೋಗಿ ತಿರುಗಿ ಬಂದದ್ದು, ಟ್ರಂಕಿನಲ್ಲಿಟ್ಟ ಫೈಲು, ಕ್ಯಾಲೆಂಡರು, ಅತ್ತೆಯ ಮಾತನ್ನು ಕಿವಿಗೆ ಹಾಕಿಕೊಳ್ಳದ್ದು. ಅವಳು ನನ್ನನ್ನೇ ನೋಡುತ್ತ ಕೇಳಿದಳು. ಆಮೇಲೆ, ಉತ್ತರ ಗೊತ್ತಿದ್ದವಳ ಹಾಗೆ, ಆ ಉತ್ತರ ಅವಳ ಬಾಯಿಂದಲೇ ಕೇಳುವ ಆಸೆಯಿಂದ ಕೇಳಿದೆ:

"ಅವತ್ತ ಕುಂದಗೋಳದ ಡಾಕ್ಟರು ಕೇಳಿದಾಗ ಎಲಿ ಬಿಟ್ಟದ್ದನ್ನ ಯಾಕ ಹೇಳಲಿಲ್ಲ ತಂಗಿ?"

ಅವಳ ಹಣೆಯಲ್ಲಿ ಬೆವರು ಮೂಡಿತು. ತುಟಿ ಕೂಡಿಸಿದಳು, ಬಿಟ್ಟಳು, ಮತ್ತೆ ಕೂಡಿಸಿದಳು. ನಾನು ಕಾದೆ.

"ಅಂಜಿಕಿ" ಎಂದಳು.

"ಡಾಕ್ಟರಿಗೆ ಅಂಜಿದ್ಯಾ?"

ಅಲ್ಲ ಎಂದು ತಲೆಯಾಡಿಸಿದಳು. ಎಡಗೈ ಎತ್ತಿ ನನ್ನ ಕಡೆ ತೋರಿಸಿದಳು. ನನ್ನ ಮುಖದಲ್ಲಿ ಏನು ಕಂಡಿತೋ, ನಾನು ಬೈಯುತ್ತೇನೆ ಎಂದುಕೊಂಡು ಆ ಕೈಯನ್ನು ಬೇಗ ಸೆರಗಿನೊಳಗೆ ಎಳೆದುಕೊಂಡಳು.